ಮುಚ್ಚಳದಲ್ಲೇ ವಾಲ್ವ್ ಇರುವ ಡಬ್ಬಿಗೆ ಪೇಟೆಂಟ್: ಪರೀಕ್ಷೆ ನಡೆಯುವುದು ಹೇಗೆ?

ದೋಸೆ ಹಿಟ್ಟನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಮುಚ್ಚಳ ಉಬ್ಬುತ್ತದೆ, ಕೆಲವೊಮ್ಮೆ ಕಳಚಿಕೊಂಡು ಹಾರುತ್ತದೆ. ಹಿಟ್ಟಿನಲ್ಲಿರುವ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್‌ನಂಥ ಬ್ಯಾಕ್ಟೀರಿಯಾಗಳು ಹುಳಿ ಬರಿಸುವಾಗ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಮುಚ್ಚಳದ ವ್ಯಾಸ 16 ಸೆಂ.ಮೀ. ಇದ್ದರೆ ವಿಸ್ತೀರ್ಣ ಸುಮಾರು 201 ಚದರ ಸೆಂ.ಮೀ. ಒಳಗಿನ ಒತ್ತಡ ಹೊರಗಿನದಕ್ಕಿಂತ ಬರೀ 30 ಮಿಲಿಬಾರ್ ಹೆಚ್ಚಾದರೂ ಮುಚ್ಚಳವನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 60 ನ್ಯೂಟನ್, ಅಂದರೆ ಆರು ಕಿಲೋ ತೂಕಕ್ಕೆ ಸಮ. ಮುಚ್ಚಳದಲ್ಲೇ 5 ಮಿಲಿಬಾರ್‌ಗೆ ತೆರೆದುಕೊಳ್ಳುವ ಒಮ್ಮುಖ ವಾಲ್ವ್ ಕೂರಿಸಿದರೆ ಆ ಬಲ ಒಂದು ಕಿಲೋದ ಆಸುಪಾಸಿಗೆ ಇಳಿಯುತ್ತದೆ. ಒಳಗಿನ ಅನಿಲ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ.

ಇದು ಉಪಯೋಗಕ್ಕೆ ಬರುವ ವಸ್ತು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಉಪಯೋಗಕ್ಕೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಪೇಟೆಂಟ್ ಸಿಗುವುದಿಲ್ಲ. ಡಬ್ಬಿ ಹಳೆಯದು, ವಾಲ್ವ್ ಕೂಡ ಹಳೆಯದು. ಹೊಸದೇನಾದರೂ ಇದ್ದರೆ ಅದು ಅವೆರಡೂ ಸೇರುವ ಜಾಗದಲ್ಲಿರಬೇಕು. ಆ ಜಾಗದಲ್ಲಿ ಏನು ನಡೆಯುತ್ತದೆ ಎಂಬುದನ್ನು ಅರ್ಜಿ ಹಾಕಿದ ದಿನವೇ ಬರೆದಿಟ್ಟಿರದಿದ್ದರೆ, ಮುಂದೆ ಪರೀಕ್ಷಕರ ಆಕ್ಷೇಪಣೆ ಬಂದಾಗ ಉತ್ತರಿಸಲು ಆಧಾರವೇ ಇರುವುದಿಲ್ಲ. ಇಂಥದೊಂದು ಹಿಟ್ಟಿನ ಡಬ್ಬಿಯನ್ನು ಉದಾಹರಣೆಗೆ ಇಟ್ಟುಕೊಂಡು ಭಾರತದಲ್ಲಿ ಅರ್ಜಿ ಯಾವ ಯಾವ ಹಂತ ದಾಟುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡೋಣ.

ಅರ್ಜಿಯಿಂದ ಪರೀಕ್ಷಕರ ಮೇಜಿನವರೆಗೆ

ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಎಲ್ಲವೂ ಆನ್‌ಲೈನ್ ಆಗಿರುವುದರಿಂದ ಊರು ಬಿಟ್ಟು ಹೋಗುವ ಅಗತ್ಯವಿಲ್ಲ. ಪರೀಕ್ಷಿಸುವವರು ದೆಹಲಿ, ಕೋಲ್ಕತ್ತ, ಮುಂಬೈ ಕಚೇರಿಯವರೂ ಆಗಿರಬಹುದು. ಕಾಗದಪತ್ರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು, ಕನ್ನಡದಲ್ಲಿ ಸಲ್ಲಿಸಲು ನಿಯಮದಲ್ಲಿ ಅವಕಾಶವಿಲ್ಲ.

ವಿನ್ಯಾಸ ಇನ್ನೂ ಪೂರ್ತಿಯಾಗಿಲ್ಲದಿದ್ದರೆ ಮೊದಲು ತಾತ್ಕಾಲಿಕ ಸ್ಪೆಸಿಫಿಕೇಶನ್ (ಆವಿಷ್ಕಾರದ ಲಿಖಿತ ವಿವರಣೆ) ಕೊಟ್ಟು ದಿನಾಂಕ ಹಿಡಿದಿಟ್ಟುಕೊಳ್ಳಬಹುದು. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ಸ್ಪೆಸಿಫಿಕೇಶನ್ ಸಲ್ಲಿಸದಿದ್ದರೆ ಅರ್ಜಿ ಕೈಬಿಟ್ಟಂತೆ. ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮ ಅಥವಾ ಶಿಕ್ಷಣ ಸಂಸ್ಥೆಯಾದರೆ ಅರ್ಜಿ ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗೆ 8,000. ಮೂವತ್ತು ಪುಟ, ಹತ್ತು ಕ್ಲೇಮು (ತನ್ನ ಹಕ್ಕು ಯಾವುದರ ಮೇಲೆ ಎಂದು ಹೇಳುವ ವಾಕ್ಯ) ಮೀರಿದರೆ ಹೆಚ್ಚುವರಿ ಶುಲ್ಕ ಸೇರುತ್ತದೆ.

ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಅದನ್ನು ಪರೀಕ್ಷಿಸುವುದಿಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ. ಪರೀಕ್ಷೆಗೆಂದು ಫಾರ್ಮ್ 18 ಬೇರೆಯಾಗಿ ಕೊಡಬೇಕು. ವ್ಯಕ್ತಿಗೆ ಶುಲ್ಕ 4,000, ದೊಡ್ಡ ಕಂಪನಿಗೆ 20,000 ರೂಪಾಯಿ. ಹಿಂದೆ ಇದಕ್ಕೆ 48 ತಿಂಗಳ ಗಡುವಿತ್ತು. 2024ರ ಮಾರ್ಚ್ 15ರಂದು ಜಾರಿಗೆ ಬಂದ ತಿದ್ದುಪಡಿಯ ನಂತರ ಸಲ್ಲಿಸಿದ ಅರ್ಜಿಗಳಿಗೆ ಗಡುವು 31 ತಿಂಗಳು. ಹಳೆಯ ಲೆಕ್ಕ ಹಿಡಿದು ಕೂತವರ ಅರ್ಜಿ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಸ್ಟಾರ್ಟಪ್‌ಗಳು, ಸಣ್ಣ ಉದ್ಯಮಗಳು, ಅರ್ಜಿದಾರರಲ್ಲಿ ಮಹಿಳೆಯಿರುವ ವೈಯಕ್ತಿಕ ಅರ್ಜಿಗಳು ಫಾರ್ಮ್ 18ಎ ಕೊಟ್ಟು ಶೀಘ್ರ ಪರೀಕ್ಷೆ ಕೇಳಬಹುದು. ಅರ್ಜಿ 18 ತಿಂಗಳಿಗೆ ಪೇಟೆಂಟ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಪ್ರಕಟವಾಗದ ಅರ್ಜಿಯನ್ನು ಪರೀಕ್ಷೆಗೆ ಎತ್ತಿಕೊಳ್ಳುವುದಿಲ್ಲ, ಅದಕ್ಕೇ ಅವಸರವಿರುವವರು ಫಾರ್ಮ್ 9 ಹಾಕಿ ಮುಂಚಿತ ಪ್ರಕಟಣೆಯನ್ನೂ ಕೇಳುತ್ತಾರೆ.

ಇದೆಲ್ಲಕ್ಕೂ ಮೊದಲು ಒಂದು ಮಾತನ್ನು ಒತ್ತಿ ಹೇಳಲೇಬೇಕು. ಅರ್ಜಿ ಹಾಕುವ ಮುನ್ನ ಡಬ್ಬಿಯನ್ನು ಮಾರಬಾರದು, ಮೇಳದಲ್ಲಿಡಬಾರದು, ವಿಡಿಯೊ ಮಾಡಿ ಹಾಕಬಾರದು. ಅಮೆರಿಕದಲ್ಲಿ ಸಂಶೋಧಕರೇ ಬಹಿರಂಗ ಮಾಡಿದರೆ ಒಂದು ವರ್ಷದ ರಿಯಾಯಿತಿ ಇದೆ. ಭಾರತದ ಕಾಯ್ದೆಯಲ್ಲಿ ಅಂಥ ಸಾರಾಸಗಟು ರಿಯಾಯಿತಿ ಇಲ್ಲ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳು, ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧ, ಸಾರ್ವಜನಿಕವಾಗಿ ಅಲ್ಲದೆ ಬೇರೆ ರೀತಿಯಲ್ಲಿ ಮಾಡಲಾಗದ ಪ್ರಯೋಗ ಇಂಥ ಕೆಲವೇ ಸಂದರ್ಭಗಳಿಗೆ 12 ತಿಂಗಳ ವಿನಾಯಿತಿ ಸಿಗುತ್ತದೆ. ನಿಮ್ಮದೇ ಇನ್‌ಸ್ಟಾಗ್ರಾಂ ಪೋಸ್ಟ್ ನಿಮ್ಮ ಅರ್ಜಿಯ ವಿರುದ್ಧದ ದಾಖಲೆಯಾಗಿ ಬರಬಹುದು.

ಕ್ಲೇಮು: ಪರೀಕ್ಷೆ ನಡೆಯುವುದು ಇದರ ಮೇಲೆ

ಪರೀಕ್ಷಕರು ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡುವುದಿಲ್ಲ, ಅದರಲ್ಲಿ ಹಿಟ್ಟು ಹಾಕಿಯೂ ನೋಡುವುದಿಲ್ಲ. ಅವರ ಮುಂದಿರುವುದು ಸ್ಪೆಸಿಫಿಕೇಶನ್, ಚಿತ್ರಗಳು ಮತ್ತು ಕೊನೆಯಲ್ಲಿರುವ ಕ್ಲೇಮುಗಳು. ಯಾವುದು ತನ್ನದೆಂದು ಅರ್ಜಿದಾರ ಬೇಲಿ ಹಾಕಿ ಹೇಳುವ ವಾಕ್ಯವೇ ಕ್ಲೇಮು. ಹೊಸ ಅರ್ಜಿದಾರರು ಸಾಮಾನ್ಯವಾಗಿ ಬರೆಯುವ ಮೊದಲ ಕ್ಲೇಮು ಹೀಗಿರುತ್ತದೆ:

"ಹಿಟ್ಟು ಹುದುಗಿಸಲು ಬಳಸುವ ಒಂದು ಪ್ಲಾಸ್ಟಿಕ್ ಡಬ್ಬಿ, ಇದರಲ್ಲಿ ಒಂದು ಪಾತ್ರೆ, ಪಾತ್ರೆಯ ಬಾಯಿಯನ್ನು ಬಿಗಿಯಾಗಿ ಮುಚ್ಚುವ ಮುಚ್ಚಳ, ಮತ್ತು ಒಳಗಿನ ಒತ್ತಡ ಹೆಚ್ಚಾದಾಗ ಅನಿಲವನ್ನು ಹೊರಬಿಡುವಂತೆ ಮುಚ್ಚಳದಲ್ಲಿ ಅಳವಡಿಸಿದ ಒಮ್ಮುಖ ವಾಲ್ವ್ ಇವೆ."

ಪರೀಕ್ಷಕರು ಮೊದಲು ಇದನ್ನು ತುಂಡು ತುಂಡಾಗಿ ಬಿಡಿಸುತ್ತಾರೆ. ಪ್ಲಾಸ್ಟಿಕ್ ಪಾತ್ರೆ, ಬಿಗಿ ಮುಚ್ಚಳ, ಮುಚ್ಚಳದಲ್ಲಿ ವಾಲ್ವ್, ಆ ವಾಲ್ವ್ ಒಮ್ಮುಖ, ಒತ್ತಡ ಹೆಚ್ಚಾದಾಗ ತೆರೆದುಕೊಳ್ಳುತ್ತದೆ. ಐದು ಅಂಶ. ಈ ಐದೂ ಒಂದೇ ಹಳೆಯ ದಾಖಲೆಯಲ್ಲಿ ಸಿಕ್ಕಿಬಿಟ್ಟರೆ ಹೊಸತನ ಇಲ್ಲ, ಚರ್ಚೆಯೂ ಅಲ್ಲಿಗೇ ಮುಗಿಯಿತು.

"ಹಿಟ್ಟು ಹುದುಗಿಸಲು" ಎಂದು ಬರೆದದ್ದರಿಂದ ಬಚಾವಾಗಬಹುದೇ? ಆಗುವುದಿಲ್ಲ. ವಸ್ತುವಿನ ಕ್ಲೇಮಿನಲ್ಲಿ ಉದ್ದೇಶ ಹೇಳಿದರೆ ಆ ಕೆಲಸಕ್ಕೆ ಒದಗಬಲ್ಲ ವಸ್ತು ಎಂದಷ್ಟೇ ಪರೀಕ್ಷಕರು ಓದಿಕೊಳ್ಳುತ್ತಾರೆ. ಕಾಫಿ ಪುಡಿಗೆಂದು ಮಾಡಿದ ಹಳೆಯ ಡಬ್ಬಿಯೊಂದು ಇದ್ದು, ಅದರಲ್ಲಿ ಹಿಟ್ಟನ್ನೂ ಇಡಬಹುದು ಎಂದಾದರೆ ಆ ಡಬ್ಬಿ ಈ ಕ್ಲೇಮನ್ನು ಹೊಡೆದುಹಾಕುತ್ತದೆ. ಗೊತ್ತಿರುವ ಉಪಕರಣದ ಹೊಸ ಬಳಕೆಯಷ್ಟನ್ನೇ ಆವಿಷ್ಕಾರ ಎನ್ನಲಾಗದು ಎಂದು ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಕೂಡ ಹೇಳುತ್ತದೆ. ಔಷಧಗಳ ವಿವಾದದಿಂದ ಹೆಸರಾದ ಸೆಕ್ಷನ್ ಇದು, ಆದರೆ ಡಬ್ಬಿಗೂ ಅನ್ವಯಿಸುತ್ತದೆ.

ಹಳೆಯದನ್ನು ಹುಡುಕುವ ಬಗೆ

ಪ್ರಪಂಚದ ಪೇಟೆಂಟ್‌ಗಳನ್ನೆಲ್ಲ ವಿಷಯವಾರು ವಿಂಗಡಿಸಿದ ಅಂತರರಾಷ್ಟ್ರೀಯ ವರ್ಗೀಕರಣವೊಂದಿದೆ. ಪರೀಕ್ಷಕರ ಹುಡುಕಾಟ ಪದಗಳಿಗಿಂತ ಹೆಚ್ಚಾಗಿ ಅದರ ಸಂಖ್ಯೆಗಳ ಮೇಲೆ ನಡೆಯುತ್ತದೆ. ಡಬ್ಬಿ, ಬಾಟಲಿ, ಪ್ಯಾಕಿಂಗ್ ಎಲ್ಲವೂ ಬಿ65ಡಿ ಎಂಬ ವರ್ಗದಲ್ಲಿವೆ. ಅದರೊಳಗೆ 51/16 ಗಾಳಿ ಅಥವಾ ಅನಿಲ ಹೊರಬಿಡುವ ಮುಚ್ಚಳಗಳದ್ದು, 47/20 ಒಳಗಿನದು ಹೊರಬರುವುದನ್ನು ಕೈಯಿಂದ ನಿಯಂತ್ರಿಸುವ ಭಾಗವಿರುವ ಮುಚ್ಚಳಗಳದ್ದು, 81/20 ನಿರ್ವಾತದಲ್ಲಿ ಅಥವಾ ವಿಶೇಷ ಅನಿಲದಲ್ಲಿಡುವ ಪ್ಯಾಕಿಂಗ್‌ನದ್ದು. ವಾಲ್ವ್‌ಗಳಿಗೇ ಎಫ್16ಕೆ ಎಂಬ ಬೇರೆ ವರ್ಗವಿದೆ. ಬಾಗುವ ಪೊರೆಯ ಒಮ್ಮುಖ ವಾಲ್ವ್ ಅದರ 15/14ರಲ್ಲಿ ಸಿಗುತ್ತದೆ. ಅಡುಗೆ ಪಾತ್ರೆಗಳು ಎ47ಜೆ.

ಈ ಸಂಖ್ಯೆಗಳನ್ನು ಹಾಕಿ ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್, ನಮ್ಮ ಪೇಟೆಂಟ್ ಕಚೇರಿಯ ಇನ್‌ಪಾಸ್ ತಾಣಗಳಲ್ಲಿ ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಅರ್ಜಿಗೆ ಮುನ್ನ ಎರಡು ದಿನ ಇದಕ್ಕೆ ಕೊಟ್ಟರೆ ಮುಂದಿನ ಎರಡು ವರ್ಷದ ಓಡಾಟ ತಪ್ಪಬಹುದು.

ನಮ್ಮ ಡಬ್ಬಿಗೆ ಏನೇನು ಎದುರಾಗುತ್ತದೆ? 1949ರ ನವೆಂಬರ್‌ನಲ್ಲಿ ಅಮೆರಿಕದ ಅರ್ಲ್ ಟಪ್ಪರ್ ಅವರಿಗೆ ಸಿಕ್ಕ 2,487,400 ಸಂಖ್ಯೆಯ ಪೇಟೆಂಟ್ ಬಾಗುವ ಪ್ಲಾಸ್ಟಿಕ್ ಮುಚ್ಚಳ ಪಾತ್ರೆಯ ಅಂಚಿಗೆ ಬಿಗಿಯಾಗಿ ಕೂರುವ ರಚನೆಯದು. ಬಿಗಿ ಮುಚ್ಚಳ ಎಂಬ ಅಂಶ ಅಲ್ಲಿಗೆ ಹೊಸದಲ್ಲ. 1960ರ ದಶಕದಲ್ಲಿ ಇಟಲಿಯ ಲುಯಿಜಿ ಗೋಲ್ಯೊ ಕಾಫಿ ಪ್ಯಾಕೆಟ್‌ಗೆ ಒಮ್ಮುಖ ವಾಲ್ವ್ ತಂದರು. ಹುರಿದ ಕಾಫಿ ಬೀಜ ದಿನಗಟ್ಟಲೆ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಚಿಕ್ಕಮಗಳೂರಿನ ಕಾಫಿ ಪೊಟ್ಟಣಗಳ ಮೇಲೆ ಇಂದಿಗೂ ಕಾಣುವ ಗುಂಡನೆಯ ತೂತಿನ ಬಿಲ್ಲೆ ಅದೇ ಜಾತಿಯದು. 1990ರ ದಶಕದ ಆರಂಭದಲ್ಲಿ ಮಿಶಿಗನ್‌ನ ಪಾಲ್ ಬ್ರೌನ್, ಬಾಟಲಿಯನ್ನು ಹಿಂಡಿದಾಗ ಮಾತ್ರ ಬಾಯ್ತೆರೆಯುವ ಸೀಳು ಹಾಕಿದ ಸಿಲಿಕೋನ್ ವಾಲ್ವ್ ರೂಪಿಸಿದರು. ತಲೆಕೆಳಗಾಗಿ ನಿಲ್ಲುವ ಕೆಚಪ್ ಬಾಟಲಿ ಸಾಧ್ಯವಾದದ್ದು ಅದರಿಂದ. ನಮ್ಮ ಮನೆಯ ಪ್ರೆಷರ್ ಕುಕ್ಕರಿನ ಮುಚ್ಚಳದಲ್ಲಿ ಗ್ಯಾಸ್ಕೆಟ್, ವೆಯ್ಟ್, ಸೇಫ್ಟಿ ವಾಲ್ವ್ ಮೂರೂ ಇವೆ. ಇವುಗಳ ಜೊತೆಗೆ ಚೀನಾ, ಜಪಾನ್, ಕೊರಿಯಾಗಳ ಯುಟಿಲಿಟಿ ಮಾಡೆಲ್ ದಾಖಲೆಗಳು ರಾಶಿ ರಾಶಿ ಬರುತ್ತವೆ. ಸಣ್ಣ ಸುಧಾರಣೆಗಳಿಗೆ ಕೊಡುವ ಆ ಕಿರುಪೇಟೆಂಟ್ ವ್ಯವಸ್ಥೆ ಭಾರತದಲ್ಲಿಲ್ಲ, ಆದರೆ ಆ ದಾಖಲೆಗಳು ಇಲ್ಲಿಯೂ ಸಾಕ್ಷ್ಯವಾಗುತ್ತವೆ. ಅಡುಗೆಮನೆ ಡಬ್ಬಿಗಳ ವಿಷಯದಲ್ಲಿ ಹೊಸತನವನ್ನು ಹೊಡೆಯುವ ದಾಖಲೆ ಬಹುತೇಕ ಅಲ್ಲಿಂದಲೇ ಎದ್ದು ಬರುತ್ತದೆ. ಇಂಗ್ಲಿಷ್ ಪದ ಹಾಕಿ ಹುಡುಕಿ ಸುಮ್ಮನಾಗುವವರಿಗೆ ಅವು ಕಣ್ಣಿಗೆ ಬೀಳುವುದಿಲ್ಲ.

ಹೊಸದು ಸರಿ, ಆದರೆ ಸಹಜವಾಗಿ ಹೊಳೆಯುವಂಥದ್ದೇ?

ಐದೂ ಅಂಶ ಒಂದೇ ದಾಖಲೆಯಲ್ಲಿ ಸಿಗಲಿಲ್ಲ ಎನ್ನೋಣ. ಮೊದಲ ದಾಖಲೆಯಲ್ಲಿ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಇದೆ, ವಾಲ್ವ್ ಇಲ್ಲ. ಎರಡನೆಯದರಲ್ಲಿ ಕಾಫಿ ಪೊಟ್ಟಣದ ವಾಲ್ವ್ ಇದೆ, ಡಬ್ಬಿ ಇಲ್ಲ. ಈಗ ಬರುವ ಪ್ರಶ್ನೆ: ಪ್ಯಾಕಿಂಗ್ ಮತ್ತು ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸ ಬಲ್ಲ ಸಾಧಾರಣ ನುರಿತ ವ್ಯಕ್ತಿಗೆ ಎರಡನೆಯದನ್ನು ತಂದು ಮೊದಲನೆಯದಕ್ಕೆ ಕೂರಿಸಬೇಕು ಎಂದು ಸಹಜವಾಗಿ ಹೊಳೆಯುತ್ತಿತ್ತೇ? ಎರಡರ ಸಮಸ್ಯೆಯೂ ಒಂದೇ, ಮುಚ್ಚಿದ ಪೊಟ್ಟಣದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬುವುದು. ಪರಿಹಾರವೂ ಗೊತ್ತಿದ್ದದ್ದೇ. ಹಾಗಾಗಿ ಹೊಳೆಯುತ್ತಿತ್ತು ಎಂದೇ ಪರೀಕ್ಷಕರು ಬರೆಯುತ್ತಾರೆ, ಅವರ ಮಾತು ಸರಿಯೂ ಹೌದು.

ಕಾಯ್ದೆಯ ಸೆಕ್ಷನ್ 2(1)(ಜೆಎ) ಪ್ರಕಾರ ಹಿಂದಿನ ತಿಳಿವಳಿಕೆಗಿಂತ ತಾಂತ್ರಿಕ ಮುನ್ನಡೆ ಇರಬೇಕು, ಇಲ್ಲವೇ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ ಇರಬೇಕು. ಅದರ ಜೊತೆಗೆ ನುರಿತ ವ್ಯಕ್ತಿಗೆ ಅದು ಸಹಜವಾಗಿ ಹೊಳೆಯುವಂತಿರಬಾರದು. "ತುಂಬ ಮಾರಾಟವಾಗುತ್ತದೆ, ಅಗ್ಗ" ಎಂಬ ವಾದ ಮೊದಲ ಅರ್ಧವನ್ನು ಮಾತ್ರ ತುಂಬುತ್ತದೆ. ಎರಡನೆಯ ಅರ್ಧಕ್ಕೆ ರಚನೆಯೇ ಉತ್ತರ ಕೊಡಬೇಕು.

ಭಾರತದಲ್ಲಿ ಈ ವಿಷಯದ ಮೂಲ ತೀರ್ಪು ಹುಟ್ಟಿದ್ದೂ ಪಾತ್ರೆಗಳ ವ್ಯಾಪಾರದಿಂದಲೇ. ಮಿರ್ಜಾಪುರದ ಪಾತ್ರೆ ತಯಾರಕರ ನಡುವಿನ ಬಿಶ್ವನಾಥ ಪ್ರಸಾದ್ ರಾಧೇ ಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಪ್ರಕರಣದಲ್ಲಿ 1978ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಲೇತ್ ಯಂತ್ರದಲ್ಲಿ ಪಾತ್ರೆಯನ್ನು ಹಿಡಿದು ತಿರುಗಿಸುವ ಸಾಧನದ ಪೇಟೆಂಟನ್ನು ರದ್ದುಮಾಡಿತು. ಗೊತ್ತಿರುವ ವಸ್ತುಗಳನ್ನು ಬರಿದೇ ಜೋಡಿಸಿದರೆ ಸಾಲದು. ಜೋಡಣೆಯಿಂದ ಹೊಸ ಫಲ, ಹೊಸ ವಸ್ತು, ಅಥವಾ ಹಿಂದಿನದಕ್ಕಿಂತ ಉತ್ತಮವೋ ಅಗ್ಗವೋ ಆದ ವಸ್ತು ಬರಬೇಕು, ಅದು ಕಾರ್ಖಾನೆಯ ಕೆಲಸಗಾರ ಮಾಡಿಕೊಳ್ಳುವ ಸಣ್ಣ ಸುಧಾರಣೆಯನ್ನು ಮೀರಿರಬೇಕು ಎಂಬುದು ತೀರ್ಪಿನ ಸಾರ.

ಇದರ ಜೊತೆಗೇ ಸೆಕ್ಷನ್ 3(ಎಫ್) ಬರುತ್ತದೆ. ಪ್ರತಿಯೊಂದೂ ತನ್ನ ಪಾಡಿಗೆ ತಾನು, ಗೊತ್ತಿರುವ ರೀತಿಯಲ್ಲೇ ಕೆಲಸ ಮಾಡುವ ಸಾಧನಗಳನ್ನು ಬರಿದೇ ಜೋಡಿಸಿದರೆ, ಜಾಗ ಬದಲಿಸಿದರೆ, ಎರಡೆರಡು ಇಟ್ಟರೆ ಅದು ಆವಿಷ್ಕಾರವಲ್ಲ. ಇದರ ಬೇರು ಇಂಗ್ಲೆಂಡಿನ 1890ರ ವಿಲಿಯಮ್ಸ್ ವರ್ಸಸ್ ನೈ ಪ್ರಕರಣದಷ್ಟು ಹಳೆಯದು. ಅಲ್ಲಿ ಮಾಂಸ ಕೊಚ್ಚುವ ಯಂತ್ರ ಮತ್ತು ಸಾಸೇಜ್ ತುಂಬುವ ಯಂತ್ರ ಎರಡನ್ನೂ ಒಂದಾಗಿ ಜೋಡಿಸಲಾಗಿತ್ತು. ಕೊಚ್ಚುವುದು ಕೊಚ್ಚುತ್ತಿತ್ತು, ತುಂಬುವುದು ತುಂಬುತ್ತಿತ್ತು. ಸೇರಿದ್ದರಿಂದ ಬೇರೇನೂ ಆಗಲಿಲ್ಲ, ಪೇಟೆಂಟ್ ಉಳಿಯಲಿಲ್ಲ. ನಮ್ಮ ಮೊದಲ ಕ್ಲೇಮಿನ ಡಬ್ಬಿಯೂ ಅಷ್ಟೇ. ಡಬ್ಬಿ ಹಿಟ್ಟು ಹಿಡಿದಿಡುತ್ತದೆ, ವಾಲ್ವ್ ಅನಿಲ ಬಿಡುತ್ತದೆ, ಒಂದರ ಕೆಲಸ ಇನ್ನೊಂದನ್ನು ಮುಟ್ಟುವುದಿಲ್ಲ.

"ಒಂದೇ ತುಂಡು" ಎಂಬ ವಾದ

ಇಲ್ಲಿ ಅರ್ಜಿದಾರರು ಹಿಡಿಯುವ ಮುಂದಿನ ದಾರಿ, "ನಮ್ಮ ವಾಲ್ವ್ ಬೇರೆ ಬಿಡಿಭಾಗವಲ್ಲ, ಮುಚ್ಚಳದೊಂದಿಗೆ ಒಂದೇ ತುಂಡು" ಎನ್ನುವುದು. ಇದು ಬಲವಾದ ವಾದದಂತೆ ಕಂಡರೂ ತಾನಾಗಿ ನಿಲ್ಲುವುದಿಲ್ಲ. ಎರಡು ಭಾಗವನ್ನು ಒಂದಾಗಿ ಎರಕ ಹೊಯ್ಯುವುದು ಮೋಲ್ಡಿಂಗ್ ಗೊತ್ತಿದ್ದವರಿಗೆಲ್ಲ ಹೊಳೆಯುವ ಸಂಗತಿ. ಅಮೆರಿಕದ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗೆರೆ ಎಲ್ಲಿದೆ ಎಂಬುದು ತಿಳಿಯುತ್ತದೆ. 1965ರ ಲಾರ್ಸನ್ ಪ್ರಕರಣದಲ್ಲಿ ಹಿಂದೆ ಬೋಲ್ಟ್ ಹಾಕಿ ಜೋಡಿಸುತ್ತಿದ್ದ ಬ್ರೇಕ್ ಡ್ರಮ್ಮಿನ ಭಾಗಗಳನ್ನು ಒಂದೇ ತುಂಡಾಗಿ ಮಾಡಿದ್ದು ಬರೀ ಎಂಜಿನಿಯರಿಂಗ್ ಆಯ್ಕೆ ಎನಿಸಿಕೊಂಡಿತು. 1983ರ ಶೆಂಕ್ ವರ್ಸಸ್ ನಾರ್ಟ್ರಾನ್ ಪ್ರಕರಣದಲ್ಲಿ ಚಕ್ರಗಳ ಸಮತೋಲನ ಅಳೆಯುವ ಯಂತ್ರದ ಆಧಾರವನ್ನು ಎಲ್ಲೂ ಬಿರುಕಿಲ್ಲದ ಒಂದೇ ತುಂಡಾಗಿ ಮಾಡಿದ್ದಕ್ಕೆ ಪೇಟೆಂಟ್ ಉಳಿಯಿತು. ಏಕೆಂದರೆ ಆ ಕ್ಷೇತ್ರದವರೆಲ್ಲ ಕಂಪನ ತಗ್ಗಿಸಲು ಬೇರೆ ಭಾಗಗಳು ಬೇಕೇ ಬೇಕು ಎಂದು ನಂಬಿದ್ದರು. ಒಂದೇ ತುಂಡಾದಾಗ ಆ ಅಗತ್ಯವೇ ಇಲ್ಲವಾಯಿತು. ಭಾರತದ ಪೇಟೆಂಟ್ ಕಚೇರಿಯಲ್ಲಿ ಅರ್ಜಿಯನ್ನು ತೀರ್ಮಾನಿಸುವ ಅಧಿಕಾರಿಯಾದ ಕಂಟ್ರೋಲರ್‌ಗೆ ಈ ತೀರ್ಪುಗಳು ಬಂಧಕವಲ್ಲ, ಆದರೆ ತರ್ಕ ಇಲ್ಲಿಗೂ ಹೊಂದುತ್ತದೆ. ಒಂದೇ ತುಂಡಾದದ್ದರಿಂದ ಬೇರೆ ಬೇರೆ ಇದ್ದಾಗ ಆಗದ ಕೆಲಸವೊಂದು ಆಗುತ್ತಿದೆಯೇ ಎಂಬುದೇ ಮುಖ್ಯ.

ಹಿಟ್ಟಿನ ಡಬ್ಬಿಗೆ ಅಂಥ ಕೆಲಸ ಯಾವುದಿರಬಹುದು? ಇಂಥ ವಾಲ್ವ್ ಕೆಡುವುದು ಸಾಮಾನ್ಯವಾಗಿ ಹೇಗೆ ಎಂದು ನೋಡಿದರೆ ದಾರಿ ಕಾಣುತ್ತದೆ. ಹಿಟ್ಟಿನ ನೊರೆ ಮೇಲೆದ್ದು ವಾಲ್ವಿನ ಸೀಟಿಗೆ (ಪೊರೆ ಕೂರುವ ಜಾಗ) ತಾಕುತ್ತದೆ, ಪಿಷ್ಟ ಒಣಗಿ ಪೊರೆಯನ್ನು ಸೀಟಿಗೆ ಅಂಟಿಸುತ್ತದೆ. 5 ಮಿಲಿಬಾರ್‌ಗೆ ತೆರೆಯಬೇಕಾದ್ದು 20ಕ್ಕೂ ತೆರೆಯುವುದಿಲ್ಲ, ಮುಚ್ಚಳ ಮತ್ತೆ ಹಾರುತ್ತದೆ. ಬಿಚ್ಚಿ ತೊಳೆಯೋಣವೆಂದರೆ ಒತ್ತಿ ಕೂರಿಸಿದ ಸಣ್ಣ ವಾಲ್ವ್ ಬರುವುದಿಲ್ಲ, ಬಂದರೆ ಕಳೆದುಹೋಗುತ್ತದೆ. ಪೊರೆಯನ್ನು ಸಡಿಲ ಮಾಡಿದರೆ ಅಂಟುವುದು ಕಡಿಮೆಯಾಗುತ್ತದೆ, ಆದರೆ ಫ್ರಿಜ್‌ನಲ್ಲಿಟ್ಟಾಗ ಒಳಗಿನ ಅನಿಲ ಕುಗ್ಗಿ ಹೊರಗಿನ ಗಾಳಿ ನುಸುಳುತ್ತದೆ.

ಈಗ ಎರಡನೆಯ ಕ್ಲೇಮನ್ನು ನೋಡಿ (ಆವರಣದ ಸಂಖ್ಯೆಗಳು ಅರ್ಜಿಯ ಚಿತ್ರದಲ್ಲಿ ಆಯಾ ಭಾಗದ ಗುರುತು):

"…ಇದರಲ್ಲಿ ಮುಚ್ಚಳದ (12) ಅಂಚಿನ ಗ್ಯಾಸ್ಕೆಟ್ (14), ಅದರಿಂದ ಒಳಮುಖವಾಗಿ ಚಾಚಿದ ನಾಲಗೆ (16), ನಾಲಗೆಯ ತುದಿಯ ವಾಲ್ವ್ ಪೊರೆ (18) ಇವು ಒಂದೇ ತುಂಡು ಸಿಲಿಕೋನ್ ಆಗಿವೆ, ಮುಚ್ಚಳವನ್ನು ಪಾತ್ರೆಗೆ (10) ಬಿಗಿದಾಗ ಹಿಂಡಿಕೊಂಡ ಗ್ಯಾಸ್ಕೆಟ್ ಒಳಮುಖವಾಗಿ ಉಬ್ಬಿ, ನಾಲಗೆಯ ಮೂಲಕ ಪೊರೆಯನ್ನು ಸೀಟಿನ (20) ಮೇಲೆ ಒತ್ತುತ್ತದೆ, ಮುಚ್ಚಳ ತೆಗೆದಾಗ ಪೊರೆ ಸೀಟಿನಿಂದ ಬಿಡಿಸಿಕೊಳ್ಳುತ್ತದೆ."

ಇಲ್ಲಿ ಮುಚ್ಚಳ ಬಿಗಿಯುವ ಕ್ರಿಯೆಯೇ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯಬೇಕೆಂದು ನಿಗದಿ ಮಾಡುತ್ತಿದೆ. ಪ್ರತಿಸಲ ಮುಚ್ಚಳ ತೆಗೆದಾಗ ಪೊರೆ ಸೀಟನ್ನು ಬಿಡುವುದರಿಂದ ಪಿಷ್ಟ ಗಟ್ಟಿಯಾಗಿ ಹಿಡಿಯುವುದಿಲ್ಲ. ಇಡೀ ತುಂಡು ಗ್ಯಾಸ್ಕೆಟ್ ಜೊತೆ ಕಳಚಿ ಬರುತ್ತದೆ, ತೊಳೆದು ಮತ್ತೆ ಹಾಕಬಹುದು. ಗ್ಯಾಸ್ಕೆಟ್ ಮತ್ತು ವಾಲ್ವ್ ತಮ್ಮ ಪಾಡಿಗೆ ತಾವಿಲ್ಲ, ಒಂದು ಇನ್ನೊಂದನ್ನು ನಡೆಸುತ್ತಿದೆ. 3(ಎಫ್) ಆಕ್ಷೇಪಣೆಗೆ ಇದು ನೇರ ಉತ್ತರ. ಕುಕ್ಕರಿನಲ್ಲಿ ಗ್ಯಾಸ್ಕೆಟ್ ಇದೆ, ವಾಲ್ವೂ ಇದೆ, ಆದರೆ ಗ್ಯಾಸ್ಕೆಟ್ ಹಿಂಡಿಕೊಳ್ಳುವುದರಿಂದ ವಾಲ್ವಿನ ಒತ್ತಡ ಬದಲಾಗುವುದಿಲ್ಲ ಎಂದು ವ್ಯತ್ಯಾಸವನ್ನು ಬೆರಳಿಟ್ಟು ತೋರಿಸಬಹುದು. ಇಂಥ ರಚನೆ ಹಿಂದೆ ಬೇರೆ ಯಾವ ದಾಖಲೆಯಲ್ಲೂ ಬಂದಿರಬಾರದು ಎಂಬ ಷರತ್ತಂತೂ ಇದ್ದೇ ಇದೆ.

ಸ್ಪೆಸಿಫಿಕೇಶನ್‌ನಲ್ಲಿ ಏನಿರಬೇಕು

ಸ್ಪೆಸಿಫಿಕೇಶನ್ ಓದಿ ಆ ಕೆಲಸ ಬಲ್ಲವರು ಕ್ಲೇಮಿನಲ್ಲಿ ಹೇಳಿದ ಡಬ್ಬಿ ಮಾಡುವಂತಿರಬೇಕು ಎಂಬುದು ಸೆಕ್ಷನ್ 10(4). ಅರ್ಜಿದಾರರಿಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನೂ ಅಲ್ಲಿ ಹೇಳಬೇಕು. ಹೇಳದೆ ಬಿಟ್ಟುಬಿಡುವ ವಿಷಯಗಳಲ್ಲಿ ಮೊದಲನೆಯದು ವಸ್ತುವಿನ ಆಯ್ಕೆ. "ಪಾಲಿಪ್ರೊಪಿಲೀನ್ ಮುಚ್ಚಳದ ಮೇಲೆ ಸಿಲಿಕೋನ್ ವಾಲ್ವನ್ನು ಎರಕ ಹೊಯ್ಯಲಾಗಿದೆ" ಎಂದು ಒಂದು ಸಾಲು ಬರೆದು ಮುಗಿಸಿದರೆ ಪ್ರಶ್ನೆ ಎದ್ದೇ ಏಳುತ್ತದೆ. ಪಾಲಿಪ್ರೊಪಿಲೀನ್ ಕರಗುವುದು 160 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ದ್ರವ ಸಿಲಿಕೋನ್ ರಬ್ಬರನ್ನು ಗಟ್ಟಿಮಾಡಲು ಅಚ್ಚನ್ನು ಸಾಮಾನ್ಯವಾಗಿ 150ರಿಂದ 200 ಡಿಗ್ರಿಗೆ ಕಾಯಿಸಬೇಕು. ಮುಚ್ಚಳ ಸೊಟ್ಟಗಾಗುತ್ತದೆ. ಅದೂ ಅಲ್ಲದೆ ಸಾದಾ ಸಿಲಿಕೋನ್ ಪಾಲಿಪ್ರೊಪಿಲೀನ್‌ಗೆ ಅಂಟಿಕೊಳ್ಳುವುದೂ ಇಲ್ಲ. ಹಾಗಾದರೆ ಪಾಲಿಪ್ರೊಪಿಲೀನ್‌ಗೆ ಹೊಂದುವ ಥರ್ಮೋಪ್ಲಾಸ್ಟಿಕ್ ಎಲಾಸ್ಟೊಮರ್ (ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್) ಬಳಸಿದ್ದೀರಾ, ಅಥವಾ ಸಿಲಿಕೋನ್ ತುಂಡನ್ನು ಬೇರೆ ಎರಕ ಹೊಯ್ದು ಮುಚ್ಚಳದ ತೋಡಿನಲ್ಲಿ ಸಿಕ್ಕಿಸಿದ್ದೀರಾ? ಇದನ್ನು ಬರೆಯಲೇಬೇಕು.

ಎರಡನೆಯದು ಅಳತೆ. ನಾಲಗೆಯ ದಪ್ಪ, ರಬ್ಬರಿನ ಗಡಸುತನ, ಗ್ಯಾಸ್ಕೆಟ್ ಎಷ್ಟು ಪಾಲು ಹಿಂಡಿಕೊಳ್ಳುತ್ತದೆ, ಸೀಟಿನ ತೂತಿನ ವ್ಯಾಸ. ಬರೀ ಒಂದು ಸಂಖ್ಯೆ ಕೊಡದೆ ವ್ಯಾಪ್ತಿಯನ್ನೂ, ಅದರೊಳಗೆ ಹೆಚ್ಚು ಒಳ್ಳೆಯ ವ್ಯಾಪ್ತಿಯನ್ನೂ ಕೊಡಬೇಕು: ನಾಲಗೆ 0.6ರಿಂದ 1.5 ಮಿ.ಮೀ., ಮೇಲಾದದ್ದು 0.8ರಿಂದ 1.2 ಮಿ.ಮೀ. ಎಂಬ ಹಾಗೆ. ಆ ವ್ಯಾಪ್ತಿಯೇ ಏಕೆ ಎಂಬ ಕಾರಣವೂ ಬೇಕು. ತೆಳುವಾದರೆ ಒತ್ತಡ ಪೊರೆಗೆ ತಲುಪುವುದಿಲ್ಲ, ದಪ್ಪವಾದರೆ ಪೊರೆ ಸೀಟಿಗೆ ಸದಾ ಒತ್ತಿಕೊಂಡೇ ಇರುತ್ತದೆ.

ಮೂರನೆಯದು ಹೋಲಿಕೆಯ ಪ್ರಯೋಗ. ಒಂದೇ ಅಳತೆಯ ಎರಡು ಡಬ್ಬಿ, ಒಂದಕ್ಕೆ ಅಂಗಡಿಯಲ್ಲಿ ಸಿಗುವ ಒತ್ತಿ ಕೂರಿಸುವ ವಾಲ್ವ್, ಇನ್ನೊಂದಕ್ಕೆ ಈ ರಚನೆ. ಒಂದೇ ಹಿಟ್ಟು, ಒಂದೇ ಉಷ್ಣಾಂಶ. ಹೊಸದಾಗಿದ್ದಾಗ ಎಷ್ಟು ಒತ್ತಡಕ್ಕೆ ತೆರೆಯಿತು, ಇಪ್ಪತ್ತು ಸಲ ಹಿಟ್ಟು ಹುದುಗಿಸಿ ತೊಳೆದ ಮೇಲೆ ಎಷ್ಟಕ್ಕೆ ತೆರೆಯಿತು ಎಂದು ಮಾನೋಮೀಟರ್‌ನಲ್ಲಿ ಅಳೆದು ಕೋಷ್ಟಕ ಹಾಕಬೇಕು. "ಅನಿರೀಕ್ಷಿತ ಫಲ ಬಂದಿದೆ" ಎಂದು ವಕೀಲರು ಮುಂದೆ ಬರೆಯುವ ಹತ್ತು ಪುಟಕ್ಕಿಂತ ಈ ಒಂದು ಕೋಷ್ಟಕದ ತೂಕ ಹೆಚ್ಚು.

ಇಷ್ಟೆಲ್ಲ ಮೊದಲೇ ಬೇಕು ಎನ್ನುವುದಕ್ಕೆ ಕಾರಣ ಸೆಕ್ಷನ್ 59. ಪರೀಕ್ಷೆಯ ಹಂತದಲ್ಲಿ ಕ್ಲೇಮನ್ನು ಕಿರಿದು ಮಾಡಬಹುದು, ತಪ್ಪು ತಿದ್ದಬಹುದು, ವಿವರಿಸಬಹುದು. ಮೂಲ ಅರ್ಜಿಯಲ್ಲಿ ಇಲ್ಲದ ರಚನೆಯನ್ನು ಸೇರಿಸುವಂತಿಲ್ಲ. ತಿದ್ದಿದ ಕ್ಲೇಮು ಹಳೆಯ ಕ್ಲೇಮಿನ ಬೇಲಿಯೊಳಗೇ ಪೂರ್ತಿಯಾಗಿ ಇರಬೇಕು. ಮೊದಲ ಕ್ಲೇಮಷ್ಟನ್ನೇ ಬರೆದು, ನಾಲಗೆ ಮತ್ತು ಗ್ಯಾಸ್ಕೆಟ್‌ನ ಸಂಬಂಧವನ್ನು ಎಲ್ಲೂ ಹೇಳದೆ ಅರ್ಜಿ ಹಾಕಿದವರು, ಆಮೇಲೆ ಡಬ್ಬಿಯನ್ನೇ ತಂದು ಮೇಜಿನ ಮೇಲಿಟ್ಟರೂ ಎರಡನೆಯ ಕ್ಲೇಮನ್ನು ಪಡೆಯಲಾರರು. ಚಿತ್ರದಲ್ಲಿ ಕಾಣುವಂತಿದ್ದರೆ ಕೆಲವೊಮ್ಮೆ ಉಳಿಯುತ್ತದೆ, ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ವರದಿ, ಉತ್ತರ, ವಿಚಾರಣೆ

ಪರೀಕ್ಷಕರ ವರದಿಯನ್ನು ಕಂಟ್ರೋಲರ್ ನೋಡಿದ ಮೇಲೆ ಅರ್ಜಿದಾರರಿಗೆ ಮೊದಲ ಪರೀಕ್ಷಾ ವರದಿ ಬರುತ್ತದೆ. ಈ ವಲಯದವರು ಅದನ್ನು ಎಫ್‌ಇಆರ್ ಎನ್ನುತ್ತಾರೆ. ಮೊದಲಿಗೆ ಸಾರಾಂಶ, ನಂತರ ಡಿ1, ಡಿ2 ಎಂದು ಗುರುತು ಹಾಕಿದ ಹಳೆಯ ದಾಖಲೆಗಳು, ಹೊಸತನ, ಆವಿಷ್ಕಾರದ ಹೆಜ್ಜೆ, ಸೆಕ್ಷನ್ 3, ಸ್ಪಷ್ಟತೆ ಕುರಿತ ಆಕ್ಷೇಪಣೆಗಳು, ಕಡೆಗೆ ಸಹಿ, ಫಾರ್ಮುಗಳಂಥ ಔಪಚಾರಿಕ ಕೊರತೆಗಳು. ಆಕ್ಷೇಪಣೆಗಳ ಉದ್ದ ನೋಡಿ ಎದೆಗುಂದಬೇಕಿಲ್ಲ, ಯಾವ ಆಕ್ಷೇಪಣೆಯೂ ಇಲ್ಲದ ವರದಿ ಅಪರೂಪ. "ಸೂಕ್ತ", "ಸುಮಾರು", "ಬೇಕಿದ್ದರೆ" ಎಂಬಂಥ ಸಡಿಲ ಪದಗಳಿಗೆ, ಮತ್ತು ರಚನೆ ಹೇಳದೆ ಫಲವನ್ನಷ್ಟೇ ಹೇಳುವ ಕ್ಲೇಮುಗಳಿಗೆ ಸ್ಪಷ್ಟತೆಯ ಆಕ್ಷೇಪಣೆ ಬಂದೇ ಬರುತ್ತದೆ.

ಉತ್ತರಕ್ಕೆ ಆರು ತಿಂಗಳು ಸಮಯ. ಅದು ಮುಗಿಯುವ ಮುನ್ನವೇ ಫಾರ್ಮ್ 4 ಕೊಟ್ಟು ಶುಲ್ಕ ಕಟ್ಟಿದರೆ ಇನ್ನು ಮೂರು ತಿಂಗಳು ಸಿಗಬಹುದು. ಉತ್ತರವೇ ಹೋಗದಿದ್ದರೆ ಅರ್ಜಿ ಕೈಬಿಟ್ಟಂತೆ. ಉತ್ತರದಲ್ಲಿ ಡಿ1 ಒಂದೆಡೆ, ಕ್ಲೇಮಿನ ಅಂಶಗಳು ಇನ್ನೊಂದೆಡೆ ಇಟ್ಟು, ಡಿ1ರಲ್ಲಿ ಯಾವ ಪ್ಯಾರಾ, ಯಾವ ಚಿತ್ರದಲ್ಲಿ ಏನಿದೆ, ಏನಿಲ್ಲ ಎಂದು ಸಾಲು ಸಾಲಾಗಿ ತೋರಿಸಬೇಕು. ಡಿ1 ಮತ್ತು ಡಿ2 ಎರಡನ್ನೂ ಸೇರಿಸಿ ಆಕ್ಷೇಪಿಸಿದ್ದರೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಅಲ್ಲಗಳೆದರೆ ಸಾಲದು. ಸೇರಿಸಿದರೂ ನಾಲಗೆಯಿಂದ ಒತ್ತಡ ಪೊರೆಗೆ ಹೋಗುವ ರಚನೆ ಬರುವುದಿಲ್ಲ ಎಂದು ತೋರಿಸಬೇಕು.

ಕಂಟ್ರೋಲರ್‌ಗೆ ಉತ್ತರ ಒಪ್ಪಿಗೆಯಾಗದಿದ್ದರೆ ವಿಚಾರಣೆಗೆ ಕರೆಯುತ್ತಾರೆ, ವಿಡಿಯೊ ಮೂಲಕ ಹಾಜರಾಗಬಹುದು. ವಿಚಾರಣೆ ಮುಗಿದ 15 ದಿನದೊಳಗೆ ಲಿಖಿತ ವಾದ ಕೊಡಬೇಕು. ತಿರಸ್ಕರಿಸುವುದಾದರೆ ಕಾರಣ ಬರೆಯಬೇಕು. ಹಳೆಯ ದಾಖಲೆಯಲ್ಲಿ ಏನಿದೆ, ಅರ್ಜಿಯಲ್ಲಿ ಏನಿದೆ, ಮೊದಲನೆಯದರಿಂದ ಎರಡನೆಯದು ಹೇಗೆ ಸಹಜವಾಗಿ ಹೊಳೆಯುತ್ತದೆ ಎಂಬ ಮೂರನ್ನೂ ಆದೇಶ ವಿವರಿಸಬೇಕೆಂದು 2022ರ ಅಗ್ರಿಬೋರ್ಡ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಒಂದೆರಡು ಸಾಲಿನ ತಿರಸ್ಕಾರ ಬಂದರೆ ಮೇಲ್ಮನವಿಗೆ ಇದು ಗಟ್ಟಿ ಆಧಾರ. 2021ರಲ್ಲಿ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿ ರದ್ದಾದ ನಂತರ ಮೇಲ್ಮನವಿ ಹೈಕೋರ್ಟಿಗೆ ಹೋಗುತ್ತದೆ, ಚೆನ್ನೈ ಕಚೇರಿಯ ಅರ್ಜಿಯಾದರೆ ಮದ್ರಾಸ್ ಹೈಕೋರ್ಟಿಗೆ, ಮೂರು ತಿಂಗಳೊಳಗೆ.

ಪೇಟೆಂಟ್ ಕೊಡಲಾಗದು ಎಂಬುದು ಖಚಿತವಾದರೂ ಡಬ್ಬಿಯ ಹೊರ ಆಕಾರ ಹೊಸದಾಗಿದ್ದರೆ 2000ನೇ ಇಸವಿಯ ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಬಹುದು. ಹತ್ತು ವರ್ಷ, ನಂತರ ಇನ್ನೈದು ವರ್ಷ ರಕ್ಷಣೆ. ಅದು ಕಣ್ಣಿಗೆ ಕಾಣುವ ರೂಪಕ್ಕೆ ಮಾತ್ರ, ವಾಲ್ವ್ ಕೆಲಸ ಮಾಡುವ ರೀತಿಗಲ್ಲ. ಪೇಟೆಂಟ್ ಅರ್ಜಿಯ ಚಿತ್ರಗಳು ಪ್ರಕಟವಾದ ಮೇಲೆ ಅದೇ ಆಕಾರವನ್ನು ನೋಂದಾಯಿಸಲು ಹೋದರೆ ತಡವಾಗಿರುತ್ತದೆ, ಎರಡನ್ನೂ ಯೋಚಿಸಿರುವವರು ಪ್ರಕಟಣೆಗೆ ಮುನ್ನವೇ ಡಿಸೈನ್ ಅರ್ಜಿ ಹಾಕಬೇಕು.

ಪೇಟೆಂಟ್ ಸಿಕ್ಕರೆ ಅವಧಿ ಅರ್ಜಿಯ ದಿನದಿಂದ 20 ವರ್ಷ. ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳು ಮೂರರಿಂದ ಆರನೇ ವರ್ಷದವರೆಗೆ ವರ್ಷಕ್ಕೆ 800 ರೂಪಾಯಿ, ಹತ್ತನೆಯವರೆಗೆ 2,400, ಹದಿನೈದನೆಯವರೆಗೆ 4,800, ಇಪ್ಪತ್ತನೆಯವರೆಗೆ 8,000 ರೂಪಾಯಿ ನವೀಕರಣ ಶುಲ್ಕ ಕಟ್ಟಬೇಕು. ಪೇಟೆಂಟ್ ಕೊಟ್ಟದ್ದು ಪ್ರಕಟವಾದ ಒಂದು ವರ್ಷದವರೆಗೆ ಸಂಬಂಧಪಟ್ಟವರು ವಿರೋಧ ಸಲ್ಲಿಸಬಹುದು. ಪರೀಕ್ಷಕರು ಡಬ್ಬಿಯ ಸುರಕ್ಷತೆಯನ್ನು ನೋಡಿರುವುದಿಲ್ಲ. ಆಹಾರಕ್ಕೆ ತಾಕುವ ಪಾಲಿಪ್ರೊಪಿಲೀನ್‌ಗೆ ಐಎಸ್ 10910 ಮಾನದಂಡ, ಆಹಾರ ಪ್ಯಾಕೇಜಿಂಗ್‌ನ 2018ರ ನಿಯಮಗಳು ಬೇರೆಯೇ ಇವೆ.

ಮತ್ತೊಂದು ತಪಾಸಣೆಯನ್ನು ಯಾರೂ ನಿಮ್ಮ ಪರವಾಗಿ ಮಾಡುವುದಿಲ್ಲ. ಪೇಟೆಂಟ್ ಇತರರನ್ನು ತಡೆಯುವ ಹಕ್ಕು ಕೊಡುತ್ತದೆ, ನಿಮ್ಮ ಡಬ್ಬಿ ಬೇರೆಯವರ ಪೇಟೆಂಟನ್ನು ತುಳಿಯುತ್ತಿಲ್ಲ ಎಂಬ ಭರವಸೆ ಕೊಡುವುದಿಲ್ಲ. ಅಚ್ಚಿಗೆ ದುಡ್ಡು ಹಾಕುವ ಮುನ್ನ ಇನ್‌ಪಾಸ್‌ನಲ್ಲಿ ಬಿ65ಡಿ 51/16 ಮತ್ತು ಎಫ್16ಕೆ 15/14ರಲ್ಲಿ ಕಳೆದ 20 ವರ್ಷಗಳ ಭಾರತೀಯ ಪೇಟೆಂಟ್‌ಗಳನ್ನು ತೆಗೆದು, ಪ್ರತಿಯೊಂದರ ನವೀಕರಣ ಶುಲ್ಕ ಕಟ್ಟಿದೆಯೇ ಎಂದು ನೋಡಿ, ಜೀವಂತವಿರುವವುಗಳ ಮೊದಲ ಕ್ಲೇಮಿನ ಪ್ರತಿ ಅಂಶವೂ ನಿಮ್ಮ ಡಬ್ಬಿಯಲ್ಲಿದೆಯೇ ಎಂದು ಒಂದೊಂದಾಗಿ ಹೋಲಿಸಬೇಕು. ಶುಲ್ಕ ಕಟ್ಟದೆ ರದ್ದಾದವು, 1960ರ ಮತ್ತು 1990ರ ದಶಕಗಳಲ್ಲಿ ಬಂದು ಅವಧಿ ಮುಗಿದವು ಎಲ್ಲರ ಬಳಕೆಗೂ ತೆರೆದಿವೆ.